ಸಂಜೆ ಕಲಿತ ರಸ್ತೆ

"ಅಕ್ಕೋರ, ನಿಮ್ಮ ಸೈಕಲ್ಲಿಗೆ ಒಂದ ಕಡಲಿ ಕಾಳೂ ಬಿಡಸಾಕ ಆಗಂಗಿಲ್ರಿ. ಸುಮ್ಮ ದಾಟಿ ಹೋಗ್ರಿ."

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯ ನಟ್ಟನಡುವೆ ನಿಂತು ಒಬ್ಬ ಹೆಣ್ಣುಮಗಳು ನನಗೆ ಹೀಗೆ ಹೇಳಿದಳು. ಹೆಸರು ಹುಲಿಗೆವ್ವ. ಅಸೂಟಿಯಿಂದ ಕೂಲಿಗೆ ಬಂದವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ಎದುರಿಗೆ ನಾನು. ಹೈಸ್ಕೂಲಿನ ಗಣಿತದ ಟೀಚರ್, ವಯಸ್ಸು ನಲವತ್ತಾರು, ತಲೆಗೆ ಹೆಲ್ಮೆಟ್, ಕಣ್ಣಿಗೆ ಕಪ್ಪು ಕನ್ನಡಕ, ಚೂಡಿದಾರದ ಪ್ಯಾಂಟಿನ ಎರಡೂ ಕಾಲಿಗೆ ರಬ್ಬರ್ ಬ್ಯಾಂಡ್. (ಇಬ್ಬರಲ್ಲಿ ಯಾರು ಹೆಚ್ಚು ವಿಚಿತ್ರವಾಗಿ ಕಾಣುತ್ತಿದ್ದರು ಎಂದು ಕೇಳಬೇಡಿ.) ನಾನು ಟೀಚರ್ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ನಡುರಸ್ತೆಯಲ್ಲಿ ನಿಂತು ಹೀಗೆ ದಬಾಯಿಸುವ ಹೆಣ್ಣುಮಗಳು ಸಾಲಿ ಅಕ್ಕೋರೇ ಇರಬೇಕು ಎಂದು ಅವಳೇ ತೀರ್ಮಾನಿಸಿದ್ದಳು.

ಹೌದು, ಜಗಳ ತೆಗೆದವಳು ನಾನೇ.

ಈ ತಿಂಗಳು ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಕಿತ್ತು ಒಣಗಿಸಿದ ಕಡಲೆ ಗಿಡಗಳನ್ನು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಅದರ ಮೇಲೆ ಹಾದು ಹಾದು ಕಾಳು ಬಿಡಿಸಿಕೊಡುತ್ತವೆ. ಪುಕ್ಕಟೆ ಸೇವೆ. ಆಮೇಲೆ ಗುಡಿಸಿ, ತೂರಿ, ಚೀಲ ತುಂಬುತ್ತಾರೆ. ಕಾನೂನು ಏನು ಹೇಳುತ್ತದೆ ಎಂದು ಗೊತ್ತು, ನಾವೇನು ಮಾಡುತ್ತೇವೆ ಎಂಬುದೂ ಗೊತ್ತು. ಆ ಸಂಜೆ ನನ್ನ ಹಿಂದಿನ ಗಾಲಿ ಆ ಕಡ್ಡಿಗಳ ಮೇಲೆ ಜಾರಿತು. ಬೀಳಲಿಲ್ಲ. ಬೀಳದವರಿಗೇ ಸಿಟ್ಟು ಜಾಸ್ತಿ. ಇಳಿದು, "ಇದೇನ್ ರೋಡೋ, ನಿಮ್ಮ ಕಣಾನೋ?" ಎಂದು ಕೂಗಿದೆ. ಅದಕ್ಕೆ ಸಿಕ್ಕ ಉತ್ತರವೇ ಮೇಲಿನದು. ನನ್ನ ತೂಕಕ್ಕೆ ಒಂದು ಕಾಳೂ ಸಿಡಿಯುವುದಿಲ್ಲ, ಆದ್ದರಿಂದ ನಾನು ಬಂದರೂ ಒಂದೇ, ಬಿಟ್ಟರೂ ಒಂದೇ! ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನನ್ನನ್ನು ಇಷ್ಟು ಚಿಕ್ಕದಾಗಿ ಯಾರೂ ಅಳೆದಿರಲಿಲ್ಲ.

ನಾನು ಅಲ್ಲಿ ಏನು ಮಾಡುತ್ತಿದ್ದೆ? ಅದನ್ನು ಹೇಳಲೇಬೇಕು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಗೇರ್ ಸೈಕಲ್ ಗೊತ್ತು. ಹೋದ ವರ್ಷ ಕೊಂಡಾಗ "ಇದಕ್ಕೆ ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಇದು ಸೈಕಲ್ ಹ್ಯಾಂಗ ಆತು?" ಎಂದು ನಮ್ಮ ಮನೆಯವರು ಕೇಳಿದ್ದನ್ನೂ ಇಲ್ಲೇ ಬರೆದಿದ್ದೆ. ಮೂರು ತಿಂಗಳ ಹಿಂದೆ ಒಂದು ಸುದ್ದಿ ಬಂತು. ನಮ್ಮದೇ ರಸ್ತೆಯಲ್ಲಿ ಟೈಮ್ ಟ್ರಯಲ್ ನಡೆಸುತ್ತಾರಂತೆ. ನಲವತ್ತು ದಾಟಿದ ಮಹಿಳೆಯರಿಗೂ ಬೇರೆ ವಿಭಾಗ ಇದೆಯಂತೆ.

ಟೈಮ್ ಟ್ರಯಲ್ ಅಂದರೆ ಗುಂಪಿನ ರೇಸ್ ಅಲ್ಲ. ಒಬ್ಬೊಬ್ಬರನ್ನೇ ಒಂದೊಂದು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ನೀವು, ರಸ್ತೆ, ಗಡಿಯಾರ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ರೋಣದ ಹೊರಗಿನಿಂದ ಗಜೇಂದ್ರಗಡದ ದಿಕ್ಕಿಗೆ ಹತ್ತು ಕಿಲೋಮೀಟರ್ ಹೋಗಬೇಕು, ಅಲ್ಲೊಂದು ಡ್ರಮ್ಮು ಸುತ್ತಿ ಹತ್ತು ಕಿಲೋಮೀಟರ್ ವಾಪಸ್ ಬರಬೇಕು. ನನ್ನ ವಿಭಾಗದಲ್ಲಿ ನಲವತ್ತು ನಿಮಿಷದ ಒಳಗೆ ಬಂದವರು ರಾಜ್ಯಮಟ್ಟಕ್ಕೆ. ನಲವತ್ತು ನಿಮಿಷ ಒಂದು ಸೆಕೆಂಡಿಗೆ ಬಂದವರು ಮನೆಗೆ.

ಈ ಸೆಕೆಂಡಿನ ಲೆಕ್ಕ ನನಗೆ ಹೊಸದಲ್ಲ. ಗಾಯ ಹಳೆಯದು.

ಹದಿನಾರನೆಯ ವಯಸ್ಸಿನಲ್ಲಿ, ಇಂಥದೇ ಸುಗ್ಗಿಯ ದಿನಗಳಲ್ಲಿ, ಇದೇ ರಸ್ತೆಯಲ್ಲಿ ಇದೇ ಥರದ ಪರೀಕ್ಷೆಗೆ ನಿಂತಿದ್ದೆ. ಗೆದ್ದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಒಂದೇ ಸೀಟು. ಆಗ ಐದು ಕಿಲೋಮೀಟರ್ ಹೋಗಿ ಐದು ಬರುವುದು. ಅಣ್ಣನ ಸೈಕಲ್, ಸೀಟು ಇಳಿಸಿ, ಲಂಗ ಎತ್ತಿ ಕಟ್ಟಿ ತುಳಿದಿದ್ದೆ. ಒಂಬತ್ತು ಸೆಕೆಂಡಿನಿಂದ ಸೋತೆ. ಸೀಟು ಸಿಕ್ಕದ್ದು ಗಜೇಂದ್ರಗಡದ ಕಡೆಯ ಒಬ್ಬ ಹುಡುಗಿಗೆ. ದಿನಾ ಬೆಳಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದವಳು. ಅವಳು ಗೆದ್ದದ್ದಕ್ಕೆ ನನಗೆ ಹೊಟ್ಟೆಕಿಚ್ಚು ಆಗಿದ್ದು ನಿಜ. ಆದರೆ ಸುಟ್ಟದ್ದು ಬೇರೆ. ಸೈಕಲ್ ಇಳಿದಾಗ ನನಗೆ ದಣಿವೇ ಆಗಿರಲಿಲ್ಲ. ಇನ್ನೂ ನರಗುಂದದವರೆಗೆ ತುಳಿಯುವಷ್ಟು ಶಕ್ತಿ ಕಾಲಿನಲ್ಲಿ ಉಳಿದಿತ್ತು! ಉಳಿದ ಶಕ್ತಿಯನ್ನು ಯಾರಿಗೆ ತೋರಿಸುವುದು? "ನಸೀಬ ಇಲ್ಲ ಬಿಡ" ಎಂದರು ಅಪ್ಪ. "ಹೋಗುವಾಗ ಉಳಸು, ಬರುವಾಗ ಬಳಸು ಅಂತ ಹೇಳಿದ್ನಲ್ಲ, ಬಳಸಲೇ ಇಲ್ಲ ನೀ" ಎಂದರು ಪಿ.ಟಿ. ಮಾಸ್ತರರು. ಬಳಸಿದ್ದೆ. ಬರುವಾಗ ಜೀವ ಬಿಟ್ಟು ತುಳಿದಿದ್ದೆ. ಆದರೂ ಯಾಕೋ ಶಕ್ತಿ ಖರ್ಚಾಗಲೇ ಇಲ್ಲ.

ಮೂವತ್ತು ವರ್ಷ ಆ ಲೆಕ್ಕ ಬಿಡಿಸಲಾಗದೆ ಇಟ್ಟುಕೊಂಡಿದ್ದೆ. ಗಣಿತದ ಟೀಚರಿಗೆ ಇದಕ್ಕಿಂತ ಅವಮಾನ ಬೇಕೆ?

ಹಾಗಾಗಿ ಈ ಸಲ ತಯಾರಿ ಅಂದರೆ ತಯಾರಿ. ತಿಳಿದವರು ಹೇಳುತ್ತಾರೆ, ಟೈಮ್ ಟ್ರಯಲ್ ಗೆಲ್ಲುವುದು ಕಾಲಿನಿಂದ ಅರ್ಧ, ರಸ್ತೆ ಕಲಿಯುವುದರಿಂದ ಅರ್ಧ. ಯಾವ ತಿರುವಿನಲ್ಲಿ ಬ್ರೇಕ್ ಬೇಡ, ಯಾವ ಏರಿಗೆ ಮೊದಲೇ ಗೇರ್ ಇಳಿಸಬೇಕು, ಎಲ್ಲಿ ತಗ್ಗು, ಎಲ್ಲಿ ಹಂಪು, ಎಲ್ಲ ಕಣ್ಣು ಮುಚ್ಚಿದರೂ ಕಾಣಬೇಕು. ಕಲಿಯುವುದು, ಕಲಿಸುವುದು ನನ್ನ ಹೊಟ್ಟೆಪಾಡು. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಶಾಲೆ ಬಿಟ್ಟ ಮೇಲೆ ದಿನಾ ಸಂಜೆ ಹೊರಟೆ. ಹದಿನೆಂಟು ಸಂಜೆ! ನಮ್ಮ ಮನೆಯವರು ಹಾರ್ಡ್‌ವೇರ್ ಅಂಗಡಿಯನ್ನು ಆಳಿಗೆ ಒಪ್ಪಿಸಿ, ಬೈಕಿನ ಮೇಲೆ ಹಿಂದೆ ಬಂದು, ಅಂಗಡಿಯ ಟೇಪು ಹಿಡಿದು ತಗ್ಗುಗಳ ಅಳತೆ ತೆಗೆದುಕೊಟ್ಟರು. ಏರು ಕೆಂಪು ಶಾಯಿಯಲ್ಲಿ, ಇಳಿಜಾರು ಹಸಿರಿನಲ್ಲಿ. ಎರೆಮಣ್ಣಿನ ಮೇಲಿನ ರಸ್ತೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಸಿದು ಹಪ್ಪಳದ ಹಾಗೆ ಆಗಿರುತ್ತದೆ. ಆ ಅಲೆಗಳನ್ನೂ ಎಣಿಸಿ ಬರೆದೆ. ಗುರುತಿಗೆ ಸುತ್ತಲಿನ ವಸ್ತುಗಳು: ಬೇವಿನ ಮರ, ಸೇತುವೆ, ಜೋಳದ ರಾಶಿ, ಕಡಲೆಯ ರಾಶಿ.

ಗಾಳಿಯನ್ನೂ ಬರೆದಿದ್ದೆ. ಸಂಜೆ ಗಾಳಿ ಪಡುವಣದಿಂದ, ಅಂದರೆ ನರಗುಂದದ ಕಡೆಯಿಂದ ಬೀಸುತ್ತಿತ್ತು. ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ದೂರದಲ್ಲಿ ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳೂ ನನ್ನ ಕಡೆಗೇ ಮುಖ ಮಾಡಿ ತಿರುಗುತ್ತಿದ್ದವು. ಹಾಗಾದರೆ ಪ್ಲ್ಯಾನ್ ಏನು? ಹೋಗುವಾಗ ಗಾಳಿ ತಳ್ಳುತ್ತದೆ, ಕಾಲಿಗೆ ಆರಾಮ ಕೊಡು. ಬರುವಾಗ ಎದುರುಗಾಳಿ, ಉಳಿಸಿದ್ದನ್ನೆಲ್ಲ ಸುರಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಹೋಗುವಾಗ ಉಳಿಸು, ಬರುವಾಗ ಬಳಸು. ಪಾಪ, ಮಾಸ್ತರರು ಹೇಳಿದ್ದು ಸರಿಯೇ ಇತ್ತು ಎಂದುಕೊಂಡೆ.

ಇಂಥ ಹೊತ್ತಿನಲ್ಲಿ, ಸ್ಪರ್ಧೆಗೆ ಇನ್ನು ಹದಿಮೂರು ದಿನ ಇರುವಾಗ, ಹುಲಿಗೆವ್ವ ಸಿಕ್ಕಳು.

ನನ್ನ ತೂಕದ ವಿಷಯ ಮುಗಿದ ಮೇಲೆ ಇಬ್ಬರೂ ನಕ್ಕೆವು. (ನಕ್ಕದ್ದು ಅವಳು ಮೊದಲು.) ನನ್ನನ್ನು ಎಷ್ಟೋ ದಿನದಿಂದ ನೋಡುತ್ತಿದ್ದಳಂತೆ.

"ದಿನಾ ಬರ್ತೀರಿ, ನಿಲ್ತೀರಿ, ಬರೀತೀರಿ, ಹೋಗ್ತೀರಿ. ರೋಡ್ ಅಳ್ಯಾಕ ಸರಕಾರದಾಗಿಂದ ಬಂದೀರೇನ್ರಿ?"

"ಇಲ್ಲವಾ. ಸೈಕಲ್ ಪಂದ್ಯ ಐತಿ. ಬರೂ ರವಿವಾರ ಬಿಟ್ಟು ಅದರ ಆಚಿ ರವಿವಾರ. ಅದಕ್ಕ ರೋಡ್ ಕಲಿಯಾಕತ್ತೀನಿ."

"ಎಷ್ಟೊತ್ತಿಗೈತ್ರಿ ಪಂದ್ಯ?"

"ಮುಂಜಾನಿ ಎಂಟಕ್ಕ ಶುರು. ನನ್ನ ನಂಬರ್ ಬರೂದು ಎಂಟೂ ಕಾಲಕ್ಕ."

ಅವಳು ಕಸಬರಿಗೆ ನೆಲಕ್ಕೆ ಊರಿದಳು. "ಮತ್ತ ಸಂಜಿ ಯಾಕ ಕಲಿಯಾಕತ್ತೀರಿ?"

ಎಂಥ ಪ್ರಶ್ನೆ! ಹಿಂದಿನ ಬೆಂಚಿನ ಹುಡುಗರು ಕೇಳುತ್ತಾರಲ್ಲ, ಹಾಗೆ ಎನಿಸಿತು. ನಾನು ತಾಳ್ಮೆಯಿಂದ ಹೇಳಿದೆ. "ಮುಂಜಾನಿ ಆದ್ರೇನು, ಸಂಜಿ ಆದ್ರೇನು? ರೋಡ್ ಅದೇ ಅಲ್ಲ?"

"ರೋಡ್ ಅದೇ ರೀ. ಗಾಳಿ ಅದೇ ಏನ್ರಿ?"

ನಾನು ತಲೆ ಎತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದೆ.

"ಈ ತಿಂಗಳ ಮುಂಜಾನಿ ಮೂಡಗಾಳಿರಿ" ಎಂದು ಗಜೇಂದ್ರಗಡದ ಕಡೆ ಕೈ ಮಾಡಿದಳು. "ನಸುಕಿನ್ಯಾಗ ಒಂದ ಎಲಿ ಅಳಗ್ಯಾಡಂಗಿಲ್ಲ. ಹೊತ್ತ ಮಾರುದ್ದ ಏರಿತಂದ್ರ ಆ ಕಡಿಂದ ಬರಾಕ ಚಾಲೂ ಆಗತೈತಿ. ನಾವು ತೂರೂದು ಆಗಲೇ. ಸಂಜಿ ಗಾಳಿಗೆ ಯಾರ ತೂರ್ತಾರ್ರಿ? ಒಮ್ಮೆ ಬರ್ತೈತಿ, ಒಮ್ಮೆ ನಿಲ್ತೈತಿ. ಅದು ನಂಬಿಗಸ್ತ ಅಲ್ಲ."

"ಖರೇನ?" ಎಂದೆ. ನನಗೆ ಇನ್ನೂ ಪುರಾವೆ ಬೇಕಿತ್ತು.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಅಕ್ಕೋರ, ಹೊಟ್ಟ ಯಾವ ಕಡಿ ಬಿದ್ದೈತಿ ನೋಡ್ರಿ."

ನೋಡಿದೆ. ರಸ್ತೆಯ ಬದಿಗೆ ತೂರಿದ ಕಡಲೆಯ ರಾಶಿ. ಅದರ ಪಕ್ಕಕ್ಕೆ ಹಾರಿ ಬಿದ್ದ ಹೊಟ್ಟಿನ ಗುಪ್ಪೆ. ಹೊಟ್ಟೆಲ್ಲ ರೋಣದ ಕಡೆಗೆ, ಪಡುವಣಕ್ಕೆ ಬಿದ್ದಿತ್ತು. ಗಾಳಿ ಮೂಡಣದಿಂದ ಬಂದರೆ ಮಾತ್ರ ಹಾಗೆ ಬೀಳಲು ಸಾಧ್ಯ. ಮುಂದಿನ ರಾಶಿಯೂ ಹಾಗೇ. ಅದರಾಚೆಯದೂ ಹಾಗೇ. ಹತ್ತು ಕಿಲೋಮೀಟರ್ ಉದ್ದಕ್ಕೂ ಬೆಳಗಿನ ಗಾಳಿ ತನ್ನ ದಿಕ್ಕನ್ನು ಹೊಟ್ಟಿನಲ್ಲಿ ಬರೆದಿಟ್ಟು ಹೋಗಿತ್ತು!

ನೋಟ್‌ಬುಕ್ ತೆಗೆದೆ. ಆರನೆಯ ಕಿಲೋಮೀಟರಿನ ಪುಟದಲ್ಲಿ ನನ್ನದೇ ದುಂಡು ಅಕ್ಷರ: "ಬಲಕ್ಕೆ ಕಡಲೆ ರಾಶಿ. ರೋಣದ ಕಡೆಗೆ ಹೊಟ್ಟು." ನಾಲ್ಕನೆಯ ಕಿಲೋಮೀಟರಿನಲ್ಲಿ: "ಎಡಕ್ಕೆ ಜೋಳದ ರಾಶಿ. ರೋಣದ ಕಡೆಗೆ ಹೊಟ್ಟು." ಉತ್ತರವನ್ನು ನಾನೇ ಬರೆದುಕೊಂಡಿದ್ದೆ. ಪ್ರಶ್ನೆ ಮಾತ್ರ ಗೊತ್ತಿರಲಿಲ್ಲ.

ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ? ಮಕ್ಕಳಿಗೆ ದಿನಾ "ದತ್ತಾಂಶ ಸರಿಯಾಗಿ ಓದಿರಿ" ಎಂದು ಬೋಧಿಸುವವಳು ನಾನು.

ಆದರೆ ನಾನೊಬ್ಬಳೇ ಏನು? ನಾವೆಲ್ಲ ಹೀಗೇ ಅಲ್ಲವೆ? ಬಾಡಿಗೆ ಮನೆ ನೋಡಲು ರವಿವಾರ ಮಧ್ಯಾಹ್ನ ಹೋಗುತ್ತೇವೆ. ನಲ್ಲಿ ಬರುವ ದಿನ ಹೋಗಿ ಕೊಡದ ಸಾಲು ನೋಡುತ್ತೇವೆಯೆ? ಗಂಡು ನೋಡುವುದು ಸಂಜೆ ಹೊತ್ತು, ಇಸ್ತ್ರಿ ಅಂಗಿಯಲ್ಲಿ, ಅವಲಕ್ಕಿ ಚಹಾದ ಮುಂದೆ. ಅವನನ್ನು ನೋಡಬೇಕಾದದ್ದು ಸೋಮವಾರ ಬೆಳಗ್ಗೆ, ಸ್ನಾನಕ್ಕೆ ಬಿಸಿನೀರು ಇಲ್ಲದಾಗ! ನನ್ನ ಎಸ್ಸೆಸ್ಸೆಲ್ಸಿ ಮಕ್ಕಳು ರಾತ್ರಿ ಹಾಸಿಗೆಯ ಮೇಲೆ ಮಲಗಿ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಪರೀಕ್ಷೆ ಇರುವುದು ಬೆಳಗ್ಗೆ, ಮರದ ಬೆಂಚಿನ ಮೇಲೆ. ರಸ್ತೆಯನ್ನೇನೋ ಎಲ್ಲರೂ ಕಲಿಯುತ್ತೇವೆ. ನಮಗೆ ಅನುಕೂಲವಾದ ಹೊತ್ತಿನಲ್ಲಿ ಕಲಿಯುತ್ತೇವೆ ಅಷ್ಟೆ.

ಅನುಕೂಲವಾದ ಹೊತ್ತು. ಮನೆಗೆ ವಾಪಸ್ ತುಳಿಯುವಾಗ ಈ ಮಾತೇ ತಲೆಯಲ್ಲಿ ಕೂತಿತು. ನನಗೆ ಸಂಜೆಯೇ ಯಾಕೆ ಅನುಕೂಲ?

ಯಾಕೆಂದರೆ ಬೆಳಗ್ಗೆ ರೊಟ್ಟಿ ಬಡಿಯಬೇಕು. ಪಲ್ಯ ಆಗಬೇಕು, ಮನೆಯವರ ಡಬ್ಬಿ, ನನ್ನ ಡಬ್ಬಿ, ಅತ್ತೆಯ ಮಧ್ಯಾಹ್ನದ ಊಟ ಮುಚ್ಚಿಡಬೇಕು. ಒಂಬತ್ತೂವರೆಗೆ ಶಾಲೆ. ಬೆಳಗ್ಗೆ ಸೈಕಲ್ ಎಂಬ ಯೋಚನೆಯೇ ನನ್ನ ತಲೆಗೆ ಬಂದಿರಲಿಲ್ಲ. ಹದಿನಾರರಲ್ಲಿ? ಆಗಲೂ ಅಷ್ಟೇ. ಬೆಳಗ್ಗೆ ನೀರು ತರುವುದು, ಅಂಗಳ ಗುಡಿಸುವುದು, ರೊಟ್ಟಿಗೆ ಅವ್ವನ ಜೊತೆ ಕೂಡುವುದು. ಅಣ್ಣನ ಸೈಕಲ್ಲೂ ನನಗೆ ಸಿಗುತ್ತಿದ್ದದ್ದು ಅವನು ಕಾಲೇಜಿನಿಂದ ಬಂದ ಮೇಲೆ, ಸಂಜೆ. ಎರಡು ತಿಂಗಳು ಸಂಜೆ ಗಾಳಿಯಲ್ಲಿ ಅಭ್ಯಾಸ ಮಾಡಿ, ಬೆಳಗಿನ ಗಾಳಿಯಲ್ಲಿ ಪರೀಕ್ಷೆ ಬರೆದಿದ್ದೆ. ಹೋಗುವಾಗ ಮೂಡಗಾಳಿ ಎದೆಗೆ ಬಡಿಯುತ್ತಿದ್ದರೂ "ಉಳಿಸು, ಉಳಿಸು" ಎಂದು ನಿಧಾನ ಹೋಗಿದ್ದೆ. ಅಲ್ಲಿ ಕಳೆದ ಹೊತ್ತು ಮತ್ತೆ ಸಿಗಲಿಲ್ಲ. ಬರುವಾಗ ಗಾಳಿಯೇ ಎಲ್ಲರನ್ನೂ ತಳ್ಳುತ್ತಿತ್ತು, ನನ್ನ ಉಳಿದ ಶಕ್ತಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಕಾಲಿನಲ್ಲೇ ಉಳಿದುಬಿಟ್ಟಿತು.

ಮತ್ತೆ ಆ ಹಾಲಿನ ಹುಡುಗಿ? ಅವಳಿಗೆ ಬೆಳಗಿನ ಗಾಳಿ ಗೊತ್ತಿತ್ತು. ಹಾಲು ಹಾಕಿ ಹಾಕಿ ಗೊತ್ತಿತ್ತು. ಮೂವತ್ತು ವರ್ಷ ಅದನ್ನು ನಸೀಬು ಎಂದುಕೊಂಡಿದ್ದೆ. ನಸೀಬಲ್ಲ. ಬೆಳಗು ಅವಳ ಕೆಲಸದ ಹೊತ್ತಾಗಿತ್ತು, ಆ ಕೆಲಸ ಅವಳನ್ನು ರಸ್ತೆಗೆ ಕರೆದೊಯ್ಯುತ್ತಿತ್ತು. ನನ್ನ ಕೆಲಸ ನನ್ನನ್ನು ಒಲೆಯ ಮುಂದೆ ಕೂರಿಸುತ್ತಿತ್ತು. ಒಂಬತ್ತು ಸೆಕೆಂಡು ಕಳೆದದ್ದು ರಸ್ತೆಯ ಮೇಲಲ್ಲ, ಅಡುಗೆಮನೆಯಲ್ಲಿ.

ದಾರಿಯಲ್ಲೇ ಕಣ್ಣಲ್ಲಿ ನೀರು ಬಂತು. ಕಪ್ಪು ಕನ್ನಡಕ ಇತ್ತು, ಪುಣ್ಯ.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. "ನಾಳಿಂದ ಹನ್ನೆರಡು ದಿನ ನಾ ಮುಂಜಾನಿ ಸೈಕಲ್ ತುಳ್ಯಾಕ ಹೋಗ್ತೀನ್ರಿ. ರೊಟ್ಟಿ ಆಗಂಗಿಲ್ಲ."

ಜಗಳಕ್ಕೆ ತಯಾರಾಗಿಯೇ ಕೂತಿದ್ದೆ. ಉತ್ತರಗಳನ್ನು ಮನಸ್ಸಿನಲ್ಲೇ ನಂಬರ್ ಹಾಕಿ ಜೋಡಿಸಿದ್ದೆ. ಮನೆಯವರು ತಟ್ಟೆಯಿಂದ ತಲೆ ಎತ್ತಿ, "ಹೂಂ. ರೊಟ್ಟಿ ಕೇಂದ್ರದಾಗ ಖಡಕ್ ರೊಟ್ಟಿ ತರ್ತೀನಿ" ಎಂದರು. ಅಷ್ಟೇ. ನಮ್ಮತ್ತೆ ಚಿಕ್ಕನರಗುಂದದವರು, ಎಂಬತ್ತು ದಾಟಿದವರು, ಬಿಸಿ ರೊಟ್ಟಿ ಇಲ್ಲದೆ ಊಟ ಮಾಡಿದವರಲ್ಲ. ಅವರು ಒಂದು ಗುಟುಕು ಮಜ್ಜಿಗೆ ಕುಡಿದು ಹೇಳಿದರು. "ನಾಕ ದಿನ ಅಂಗಡಿ ರೊಟ್ಟಿ ತಿಂದ್ರ ಯಾರೂ ಸಾಯಂಗಿಲ್ಲ. ಹೋಗ ನೀ."

ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಸಿಟ್ಟು! ಇಷ್ಟು ಸಲೀಸೆ? ಹಾಗಾದರೆ ಇಷ್ಟು ವರ್ಷ?

"ಮೊದಲ ಯಾಕ ಕೇಳಲಿಲ್ಲ ನೀ?" ಎಂದರು ಮನೆಯವರು.

"ನೀವ್ಯಾಕ ಹೇಳಲಿಲ್ಲ?" ಎಂದೆ.

ಅತ್ತೆ ಮಜ್ಜಿಗೆ ಮುಗಿಸಿದರು.

ಮರುದಿನ ಬೆಳಗ್ಗೆ ಏಳಕ್ಕೆ ರಸ್ತೆಯಲ್ಲಿದ್ದೆ. ಎಲ್ಲವೂ ಬೇರೆ! ಸಂಜೆ ಬೆನ್ನಿಗಿದ್ದ ಸೂರ್ಯ ಈಗ ನೇರ ಕಣ್ಣಿಗೆ. ಸಂಜೆ ನೆರಳಿನಲ್ಲಿ ಅಡಗಿದ್ದ ಎರಡು ತಗ್ಗು ಈಗ ಸ್ಪಷ್ಟ, ಸ್ಪಷ್ಟವಾಗಿದ್ದ ಮೂರು ಈಗ ಮಾಯ. ಗಾಳಿ ಇಲ್ಲ, ಒಂದು ಎಲೆ ಅಲುಗುವುದಿಲ್ಲ. ಹೊತ್ತು ಮಾರುದ್ದ ಏರಿತು. ಹುಲಿಗೆವ್ವ ಹೇಳಿದಂತೆಯೇ ಮೊದಲು ಕಿವಿಯ ಹತ್ತಿರ ಸಣ್ಣ ಸದ್ದು, ಆಮೇಲೆ ಎದೆಯ ಮೇಲೆ ಒಂದು ಅಂಗೈ ಇಟ್ಟ ಹಾಗೆ ಒತ್ತಡ. ಗುಡ್ಡದ ಮೇಲಿನ ಗಾಳಿಯಂತ್ರಗಳು ನನಗೆ ಬೆನ್ನು ತಿರುಗಿಸಿ ನಿಂತಿದ್ದವು. ಹದಿನೆಂಟು ಸಂಜೆ ಮುಖ ತೋರಿಸಿದವು ಇವೇ!

ಆರನೆಯ ಕಿಲೋಮೀಟರಿನಲ್ಲಿ ಹುಲಿಗೆವ್ವ ಮತ್ತು ಇನ್ನಿಬ್ಬರು ತೂರುತ್ತಿದ್ದರು. ಮೊರದಲ್ಲಿ ಕಾಳು ತುಂಬಿ ತಲೆಯ ಮೇಲಕ್ಕೆ ಎತ್ತಿ ಮೆಲ್ಲಗೆ ಸುರಿಯುವುದು. ಕಾಳು ಕಾಲಬುಡಕ್ಕೆ, ಹೊಟ್ಟು ರೋಣದ ಕಡೆಗೆ. ಎಷ್ಟು ಸುಲಭವಾಗಿ ಕಾಣುತ್ತದೆ! ನಾನೂ ಒಂದು ಮೊರ ಎತ್ತಿದೆ. ಕಾಳು, ಹೊಟ್ಟು ಎರಡೂ ನನ್ನ ತಲೆಯ ಮೇಲೆಯೇ ಬಿದ್ದವು.

"ನೀವು ಎಷ್ಟೊತ್ತಿಗೆ ಏಳ್ತೀರಿ?" ಎಂದು ಕೇಳಿದೆ.

"ನಾಕಕ್ಕ ಏಳ್ತೀನ್ರಿ. ರೊಟ್ಟಿ ಮಾಡಿ, ಕಟಗೊಂಡ ಬರಬೇಕಲ್ರಿ. ಲಗೂ ಬರಲಿಲ್ಲಂದ್ರ ಗಾಳಿ ತಪ್ಪತೈತಿ."

ಅವಳಿಗೆ ರೊಟ್ಟಿಯೂ ತಪ್ಪಲಿಲ್ಲ, ಗಾಳಿಯೂ ತಪ್ಪಲಿಲ್ಲ. ತಪ್ಪಿದ್ದು ನಿದ್ದೆ. ಅವಳ ಮನೆಯ ಹತ್ತಿರ ರೊಟ್ಟಿ ಕೇಂದ್ರ ಇಲ್ಲ. ಇದ್ದಿದ್ದರೂ ಅವಳು ಕೊಳ್ಳುತ್ತಿರಲಿಲ್ಲ. ನನ್ನ ಬೆಳಗಿನ ಸ್ವಾತಂತ್ರ್ಯದ ಬಗ್ಗೆ ಹೇಳಿಕೊಳ್ಳಬೇಕೆಂದು ಬಂದಿದ್ದೆ. ಅದನ್ನು ಬಿಟ್ಟು ತಲೆಯ ಹೊಟ್ಟು ಕೊಡವಿಕೊಂಡೆ.

ಹನ್ನೆರಡು ಬೆಳಗು. ನೋಟ್‌ಬುಕ್ಕಿನ ಮೊದಲ ಪುಟ ಹರಿದು ಹೊಸದು ಬರೆದೆ. ಹೋಗುವಾಗ ಬಳಸು. ಎದುರುಗಾಳಿಯಲ್ಲಿ ಎಲ್ಲರೂ ನಿಧಾನವಾಗುತ್ತಾರೆ, ಅಲ್ಲೇ ಹೊತ್ತು ಉಳಿಸಬೇಕು. ಡ್ರಮ್ಮಿನ ಹತ್ತಿರ ಬರುವಷ್ಟರಲ್ಲಿ ಕಾಲು ಖಾಲಿಯಾಗಿರಬೇಕು. ವಾಪಸ್ ಬರುವಾಗ ಗಾಳಿ ನೋಡಿಕೊಳ್ಳುತ್ತದೆ. ಬರೆಯುವುದು ಸುಲಭ. ಮಾಡುವುದಕ್ಕೆ ಗುಂಡಿಗೆ ಬೇಕು. ಮಾಸ್ತರರ ಮಾತು ಮೂವತ್ತು ವರ್ಷದಿಂದ ಕಾಲಿನಲ್ಲಿ ಕೂತಿದೆ, ಅಷ್ಟು ಬೇಗ ಇಳಿಯುತ್ತದೆಯೆ?

ಬಂತು ರವಿವಾರ.

ಹಿಂದಿನ ಸಂಜೆಯೇ ಸಂಘಟಕರು ರೈತರಿಗೆ ಕೈಮುಗಿದು ರಸ್ತೆ ಖಾಲಿ ಮಾಡಿಸಿದ್ದರು. ಒಂದು ಕಡ್ಡಿ ಇಲ್ಲ, ಒಂದು ರಾಶಿ ಇಲ್ಲ! "ನಾಲ್ಕನೆಯ ಕಿ.ಮೀ., ಜೋಳದ ರಾಶಿಯ ಹತ್ತಿರ ಗೇರ್ ಇಳಿಸು" ಎಂದು ಬರೆದುಕೊಂಡವಳ ಗತಿ ಏನು? ಸುಗ್ಗಿಯಲ್ಲಿ ರಾಶಿಯನ್ನು ಗುರುತು ಮಾಡಿಕೊಳ್ಳುವ ಜಾಣತನ ನಮ್ಮ ಊರಿನವರಿಗೇ ಬರಬೇಕು. ನೋಟ್‌ಬುಕ್ಕನ್ನು ಮನೆಯವರ ಕೈಗೆ ಕೊಟ್ಟೆ. ಅದನ್ನು ಅವರು ಬಿಸಿಲಿಗೆ ಹಣೆಗೆ ಅಡ್ಡ ಹಿಡಿದುಕೊಂಡರು. ಅಷ್ಟಾದರೂ ಉಪಯೋಗಕ್ಕೆ ಬಂತು.

ಎಂಟೂ ಹದಿನೈದು. ಸ್ಟಾರ್ಟ್ ಗೆರೆಯ ಮೇಲೆ ನಿಂತೆ. ಹಿಂದೆ ಒಬ್ಬರು ಸೀಟು ಹಿಡಿದುಕೊಂಡಿದ್ದಾರೆ. ನಾನು ನೋಡುತ್ತಿರುವುದು ಪಕ್ಕದ ಬ್ಯಾನರನ್ನು. ಅದು ಅಲುಗುತ್ತಿಲ್ಲ. ಗಾಳಿ ಇಲ್ಲ! ಹೊತ್ತು ಮಾರುದ್ದ ಏರಿದೆ, ಮೂಡಗಾಳಿ ಮಾತ್ರ ಬಂದಿಲ್ಲ. ಈಗ ಏನು ಮಾಡಲಿ? ಹೋಗುವಾಗಲೇ ಎಲ್ಲ ಖರ್ಚು ಮಾಡಿ, ಗಾಳಿ ಬಾರದೇ ಹೋದರೆ ಬರುವ ಹತ್ತು ಕಿಲೋಮೀಟರಿಗೆ ಕಾಲಿನಲ್ಲಿ ಏನೂ ಇರುವುದಿಲ್ಲ. ಉಳಿಸಲೋ, ಬಳಸಲೋ?

"ಐದು, ನಾಲ್ಕು, ಮೂರು..."

ನೋಟ್‌ಬುಕ್ಕನ್ನು ನಂಬಿ ಒಮ್ಮೆ ಕೆಟ್ಟಿದ್ದೆ. ಈ ಸಲ ಹುಲಿಗೆವ್ವನನ್ನು ನಂಬಿದೆ. ಮೊದಲ ತುಳಿತದಿಂದಲೇ ಬಳಸತೊಡಗಿದೆ.

ಒಂದು ಕಿಲೋಮೀಟರ್. ಗಾಳಿ ಇಲ್ಲ. ಎರಡು. ಇಲ್ಲ. ಎದೆ ಉರಿಯುತ್ತಿದೆ, ಒಳಗಿನಿಂದ ಮಾಸ್ತರರು ಕೂಗುತ್ತಿದ್ದಾರೆ. ನಾಲ್ಕರ ಹತ್ತಿರ ಕಿವಿಯಲ್ಲಿ ಏನೋ ಸದ್ದು. ಗಾಳಿಯೋ, ನನ್ನದೇ ಓಟದ್ದೋ? ತಿಳಿಯಲಿಲ್ಲ. ಒಂದು ಕ್ಷಣ ಕಾಲು ಸಡಿಲಾಯಿತು. ಐದು ದಾಟಿತು. ಮುಂದೆ ರಸ್ತೆಯ ಬದಿಯಲ್ಲಿ ಒಂದು ಆಕೃತಿ. ಸೊಂಟಕ್ಕೆ ಸಿಕ್ಕಿಸಿದ ಸೆರಗು. ತಲೆಯ ಮೇಲೆ ಎತ್ತಿ ಹಿಡಿದ ಮೊರ.

ಹುಲಿಗೆವ್ವ.

ಆ ದಿನ ತೂರಲು ರಾಶಿಯೇ ಇರಲಿಲ್ಲ. ಹಿಡಿಯಷ್ಟು ಹೊಟ್ಟು ತಂದಿದ್ದಳು. ನಾನು ಇನ್ನೂ ಹತ್ತು ಹೆಜ್ಜೆ ದೂರ ಇರುವಾಗ ಮೆಲ್ಲಗೆ ಸುರಿದಳು. ಹೊಟ್ಟು ನೆಲಕ್ಕೆ ಬೀಳಲಿಲ್ಲ. ನೇರ ನನ್ನ ಮುಖಕ್ಕೆ ಬಂತು!

"ಬಂದೈತ್ರಿ ಅಕ್ಕೋರ! ತುಳೀರಿ!"

ತುಳಿದೆ. ಹಾಗೆ ಹಿಂದೆಂದೂ ತುಳಿದಿರಲಿಲ್ಲ. ಬಾಯಲ್ಲಿ ಹೊಟ್ಟು, ಹಲ್ಲಿನ ಸಂದಿಯಲ್ಲಿ ಹೊಟ್ಟು, ಮುಂದೆ ಬೆನ್ನು ತಿರುಗಿಸಿ ನಿಂತ ಗಾಳಿಯಂತ್ರಗಳು. ಎದುರುಗಾಳಿ ಬಂದರೆ ಇಷ್ಟು ಖುಷಿಪಟ್ಟವರು ಯಾರಾದರೂ ಇದ್ದಾರೆಯೆ? ನನಗಿಂತ ಎರಡು ನಿಮಿಷ ಮೊದಲು ಹೊರಟವರನ್ನು ಎಂಟನೆಯ ಕಿಲೋಮೀಟರಿನಲ್ಲಿ ದಾಟಿದೆ. ಅವರು ಉಳಿಸುತ್ತಿದ್ದರು, ನೋಡಿದರೇ ಗೊತ್ತಾಗುತ್ತಿತ್ತು. ಡ್ರಮ್ಮು ಸುತ್ತುವಾಗ ತೊಡೆ ನಡುಗುತ್ತಿತ್ತು. ಸುತ್ತಿದ ತಕ್ಷಣ ಕಿವಿಯ ಸದ್ದು ನಿಂತಿತು. ಗಾಳಿ ಈಗ ಬೆನ್ನಿಗೆ. ಕಾಲು ಬರೀ ತಿರುಗುತ್ತಿತ್ತು, ಸೈಕಲ್ ಓಡುತ್ತಿತ್ತು.

ಮೂವತ್ತೊಂಬತ್ತು ನಿಮಿಷ ಮೂವತ್ತೆಂಟು ಸೆಕೆಂಡ್. ಏಳು ಜನರಲ್ಲಿ ಎರಡನೆಯ ಸ್ಥಾನ. ರಾಜ್ಯಮಟ್ಟಕ್ಕೆ ಆಯ್ಕೆ.

ಆದರೆ ನನಗೆ ಬೇಕಾದದ್ದು ಆ ಅಂಕಿ ಅಲ್ಲ. ಸೈಕಲ್ ಇಳಿದೆ, ನಿಲ್ಲಲಾಗಲಿಲ್ಲ. ರಸ್ತೆಯ ಬದಿಗೆ ಕುಸಿದು ಕೂತೆ. ನರಗುಂದ ಬಿಡಿ, ಪಕ್ಕದ ಚಹಾದಂಗಡಿಯವರೆಗೂ ನಡೆಯುವ ಶಕ್ತಿ ಇರಲಿಲ್ಲ. ಏನೂ ಉಳಿದಿರಲಿಲ್ಲ. ಮೂವತ್ತು ವರ್ಷದಿಂದ ಕಾಲಿನಲ್ಲಿ ಹೊತ್ತು ತಿರುಗಿದ್ದು ಕೊನೆಗೂ ಖರ್ಚಾಗಿತ್ತು. ಅಳು ಬಂತು, ಈ ಸಲ ಕನ್ನಡಕ ತೆಗೆದೇ ಅತ್ತೆ. ಮನೆಯವರು ಗಾಬರಿಯಾಗಿ, "ಸೋತಿಯೇನ?" ಎಂದು ಕೇಳಿದರು. (ನೋಟ್‌ಬುಕ್ ಹಣೆಗೆ ಹಿಡಿದು ನಿಂತವರಿಗೆ ಗಡಿಯಾರ ಹೇಗೆ ಕಾಣಬೇಕು?)

ಮಧ್ಯಾಹ್ನ ಬೈಕಿನ ಮೇಲೆ ಇಬ್ಬರೂ ಹೋಗಿ ಹುಲಿಗೆವ್ವನಿಗೆ ಹೇಳಿ ಬಂದೆವು. ರಸ್ತೆಯ ಮೇಲೆ ಆಗಲೇ ಮತ್ತೆ ಕಡಲೆ ಗಿಡ ಹರಡಿತ್ತು. ಪದಕ ತಿರುಗಿಸಿ ನೋಡಿದಳು, ವಾಪಸ್ ಕೊಟ್ಟಳು.

"ಕಾಲ ನಡಗಾಕತ್ತಾವೇನ್ರಿ?"

"ಇನ್ನೂ ನಡಗಾಕತ್ತಾವ."

"ತೂರಿದ ದಿನ ನಮ್ಮ ಕೈನೂ ಹಂಗ ನಡಗ್ತಾವ್ರಿ. ಹಂಗಾದ್ರ ನೀವು ಚಲೋ ತೂರೀರಿ" ಎಂದಳು.

ಈಗ ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ಬೆಳಗು ನನ್ನವು. ಉಳಿದ ಮೂರಕ್ಕೆ ರೊಟ್ಟಿ ಬಡಿಯುತ್ತೇನೆ, ಸಂತೋಷದಿಂದಲೇ. ಅತ್ತೆ ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದನ್ನು ಕಲಿತಿದ್ದಾರೆ. ಮನೆಯವರು ಪಲ್ಯಕ್ಕೆ ಉಪ್ಪು ಹಾಕುವುದನ್ನು ಇನ್ನೂ ಕಲಿಯುತ್ತಿದ್ದಾರೆ. ನನ್ನ ಕ್ಲಾಸಿನಲ್ಲಿ ಸೈಕಲ್ ಚೆನ್ನಾಗಿ ತುಳಿಯುವ ಮೂವರು ಹುಡುಗಿಯರಿದ್ದಾರೆ. "ಯಾವಾಗ ಪ್ರ್ಯಾಕ್ಟೀಸ್ ಮಾಡ್ತೀರಿ?" ಎಂದು ಮೊನ್ನೆ ಕೇಳಿದೆ. ಮೂವರೂ ಒಂದೇ ಉತ್ತರ ಹೇಳಿದರು. "ಸಂಜಿ ರೀ, ಟೀಚರ್."

ಅವರ ಮನೆಗಳಿಗೆ ಹೋಗಬೇಕೆಂದಿದ್ದೇನೆ. ಅದಕ್ಕೂ ಮೊದಲು ನಿಮ್ಮನ್ನೇ ಕೇಳಿಬಿಡುತ್ತೇನೆ: ನಿಮ್ಮ ಮನೆಯಲ್ಲಿ ಬೆಳಗಿನ ಏಳು ಗಂಟೆ ಯಾರ ಹೆಸರಿಗಿದೆ?